ಕಟಕೋಳದಲ್ಲಿ ರೈಲು ನಿಲ್ಲುವುದಿಲ್ಲ

ಕಟಕೋಳದ ಸಭೆಯಲ್ಲಿ ನಾನು ಒಂದು ಮಾತನ್ನು ತಪ್ಪಾಗಿ ಕನ್ನಡಕ್ಕೆ ತಂದೆ. ತಿಳಿಯದೆ ಮಾಡಿದ ತಪ್ಪಲ್ಲ. ಮೂವತ್ತೈದು ವರ್ಷ ಇಂಗ್ಲಿಷ್ ಕಲಿಸಿದವಳಿಗೆ ‘ಇಲ್ಲ’ ಎನ್ನುವ ಪದ ಗೊತ್ತಾಗದೆ ಇರುತ್ತದೆಯೇ. ಗೊತ್ತಿದ್ದೇ ಮಾಡಿದೆ. ಆಮೇಲೆ ಯಾರಾದರೂ ಕೇಳಿದರೆ, ಆವತ್ತು ಬಹಳ ದಣಿದಿದ್ದೆ ಎಂದು ಹೇಳುತ್ತಿದ್ದೆ. ದಣಿದಿದ್ದದ್ದು ನಿಜ. ಆದರೆ ಆ ದಣಿವು ಆವತ್ತಿನದಾಗಿರಲಿಲ್ಲ.

ನಾನು ಬೈಲಹೊಂಗಲದವಳು. ನಮ್ಮ ತಂದೆ ಪೌರೋಹಿತ್ಯ ಮಾಡಿಕೊಂಡು, ಬಿಡುವಿದ್ದಾಗ ಓಣಿಯ ಮಕ್ಕಳಿಗೆ ಸಂಸ್ಕೃತ ಹೇಳಿಕೊಡುತ್ತಿದ್ದರು. ಅಣ್ಣಂದಿರಲ್ಲಿ ಒಬ್ಬ ಔಷಧದ ಅಂಗಡಿ ಇಟ್ಟ, ಇನ್ನೊಬ್ಬ ಬ್ಯಾಂಕು ಸೇರಿದ. ನನಗೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ನೌಕರಿ ಸಿಕ್ಕಿತು. ಮೊದಲ ಹನ್ನೊಂದು ವರ್ಷ ಕಟಕೋಳದಲ್ಲಿ. ಯಜಮಾನರ ನೌಕರಿ ಬೈಲಹೊಂಗಲದ ಅಂಚೆ ಕಚೇರಿಯಲ್ಲಿ ಇದ್ದುದರಿಂದ ಮನೆ ಅಲ್ಲೇ ಉಳಿಯಿತು, ನಾನು ದಿನಾ ಹೋಗಿ ಬರುವುದಾಯಿತು. ಬೆಳಿಗ್ಗೆ ಯರಗಟ್ಟಿಗೆ ಒಂದು ಬಸ್ಸು, ಅಲ್ಲಿಂದ ರಾಮದುರ್ಗದ ಕಡೆ ಹೋಗುವ ಇನ್ನೊಂದು. ಮೊದಲನೆಯದು ತಡವಾದರೆ ಎರಡನೆಯದು ತಪ್ಪುತ್ತಿತ್ತು. ಹುಣ್ಣಿಮೆ ಹತ್ತಿರ ಬಂತೆಂದರೆ ಸವದತ್ತಿಯ ಗುಡ್ಡಕ್ಕೆ ದೇವಿಯ ದರ್ಶನಕ್ಕೆಂದು ಹೋಗಿ ಬರುವವರಿಂದ ಬಸ್ಸೆಲ್ಲ ತುಂಬಿ, ಬಾಗಿಲಲ್ಲಿ ಜೋತುಬಿದ್ದವರನ್ನು ಹೊತ್ತುಕೊಂಡು, ನಮ್ಮ ಎದುರಿಗೇ ನಿಲ್ಲದೆ ಹೋಗಿಬಿಡುತ್ತಿತ್ತು.

ನನ್ನ ಎರಡನೆಯ ಬಸಿರು ಆ ವರ್ಷಗಳಲ್ಲೇ ಹೋಯಿತು. ಐದು ತಿಂಗಳಾಗಿತ್ತು. ಯರಗಟ್ಟಿಯಿಂದ ನಿಂತುಕೊಂಡೇ ಹೋಗಿದ್ದೆ, ನಿಂತುಕೊಂಡೇ ಬಂದಿದ್ದೆ. ಡಾಕ್ಟರು ಬಸ್ಸಿನಿಂದಲೇ ಹೀಗಾಯಿತು ಎಂದು ಹೇಳಲಿಲ್ಲ. ನಾನೂ ಹೇಳುವುದಿಲ್ಲ. ಹದಿನೈದು ದಿನ ಮನೆಯಲ್ಲಿದ್ದು ಮತ್ತೆ ಅದೇ ಬಸ್ಸು ಹತ್ತಿದೆ.

ರೈಲಿನ ವಿಚಾರಕ್ಕೆ ನಾನು ಸೇರಿಕೊಂಡದ್ದು ಆಗ. ನಮ್ಮ ಕಡೆಯವರು ರೈಲು ಹತ್ತಬೇಕೆಂದರೆ ಧಾರವಾಡಕ್ಕೋ ಬೆಳಗಾವಿಗೋ ಬಸ್ಸಿನಲ್ಲಿ ಹೋಗಬೇಕು. ಕಿತ್ತೂರಿನವರಿಗೆ ಇವತ್ತಲ್ಲ ನಾಳೆ ತಮ್ಮೂರ ಮೇಲೆ ಹಳಿ ಹೋಗುತ್ತದೆ ಎಂಬ ಆಸೆಯಾದರೂ ಇತ್ತು. ಬೈಲಹೊಂಗಲ, ಸವದತ್ತಿ, ರಾಮದುರ್ಗದವರಿಗೆ ಅದೂ ಇರಲಿಲ್ಲ. ಹಾಗಾಗಿ ಈ ನಾಲ್ಕೂ ಊರಿನ ಕೆಲವರು ಕೂಡಿಕೊಂಡು, ಕಿತ್ತೂರಿನಿಂದ ರಾಮದುರ್ಗದವರೆಗೆ ಪ್ಯಾಸೆಂಜರ್ ರೈಲು ಬೇಕು ಎಂದು ಒಂದು ಸಮಿತಿ ಮಾಡಿದ್ದರು. ಅದಕ್ಕೆ ಅಧ್ಯಕ್ಷರಾಗಿದ್ದವರು ರಾಮದುರ್ಗದ ಒಬ್ಬ ಬಟ್ಟೆ ವ್ಯಾಪಾರಿ. ಹಣೆತುಂಬ ವಿಭೂತಿ, ಬಿಳಿ ಧೋತರ, ಕೈಯಲ್ಲೊಂದು ಪ್ಲಾಸ್ಟಿಕ್ ಫೈಲು. ಒಂದು ದಿನ ಶಾಲೆಗೇ ಬಂದು, ಸ್ಟಾಫ್ ರೂಮಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು.

“ಅಕ್ಕೋರ, ದಿಲ್ಲಿಗೆ ಒಂದು ಅರ್ಜಿ ಬರದು ಕೊಡಬೇಕ್ರಿ. ಇಂಗ್ಲಿಷಿನ್ಯಾಗ ಬರದ್ರ ಓದತಾರಂತ.”

ಬರೆದುಕೊಟ್ಟೆ. ಮರುವರ್ಷವೂ ಬಂದರು. ನನಗೆ ಬೈಲಹೊಂಗಲಕ್ಕೆ ವರ್ಗವಾದ ಮೇಲೆ ಬೈಲಹೊಂಗಲಕ್ಕೆ ಬಂದರು. ಮಂತ್ರಿ ಬದಲಾದಾಗಲೆಲ್ಲ ಮೇಲಿನ ಹೆಸರು ಬದಲಾಗುತ್ತಿತ್ತು, ಕೆಳಗಿನ ಒಕ್ಕಣೆ ಅದೇ. ಕೊನೆಕೊನೆಗೆ ನನಗೆ ಅದು ಬಾಯಿಪಾಠವಾಗಿತ್ತು. ಅವರ ತಲೆ ಪೂರ್ತಿ ಬೆಳ್ಳಗಾಯಿತು, ನಾನು ನಿವೃತ್ತಳಾದೆ. ಉತ್ತರವಾಗಿ ಬಂದದ್ದೆಲ್ಲ ‘ಪರಿಶೀಲನೆಯಲ್ಲಿದೆ’ ಎಂಬ ಎರಡು ಸಾಲು. ಅಧ್ಯಕ್ಷರು ಅವನ್ನೂ ಫೈಲಿಗೆ ಹಚ್ಚಿ ಇಟ್ಟುಕೊಳ್ಳುತ್ತಿದ್ದರು.

ನಿವೃತ್ತಿಯಾಗಿ ಎರಡನೆಯ ವರ್ಷದಲ್ಲಿ ಅವರ ಫೋನು ಬಂತು.

“ಅಕ್ಕೋರ, ಇಷ್ಟ ದಿನಾ ನಾವ ಕೇಳತಿದ್ವಿ. ಈಗ ಅವರ ಕೇಳಾಕ ಬರಾಕತ್ತಾರ.”

ಹೊರದೇಶವೊಂದು ಸಾಲ ಕೊಡುವ ಮಾತಾಗಿತ್ತು. ಅದರ ಕಡೆಯಿಂದ ಒಂದು ಸಲಹಾ ಕಂಪನಿ ಸರ್ವೆಗೆ ಬರುವುದಿತ್ತು. ಹಳಿ ಎಲ್ಲಿ ಹಾಯಬೇಕು, ಸ್ಟೇಶನ್ ಎಲ್ಲಿ ಬರಬೇಕು ಎಂಬುದನ್ನೆಲ್ಲ ಅವರು ಬರೆದುಕೊಡಬೇಕು. ಸಾಲ ಕೊಡುವವರದೊಂದು ನಿಯಮವಿತ್ತು: ದಾರಿಯ ಊರುಗಳಲ್ಲಿ ಸಭೆ ನಡೆಸಿ, ಜನರಿಗೆ ಅವರ ಭಾಷೆಯಲ್ಲೇ ತಿಳಿಸಿ, ಒಪ್ಪಿಗೆಯ ಸಹಿ ಪಡೆಯಬೇಕು. ಅದಕ್ಕೆ ನಮ್ಮ ಕಡೆಯ ಮಾತು ಬಲ್ಲ, ಇಂಗ್ಲಿಷೂ ಬಲ್ಲ ಒಬ್ಬರು ಬೇಕಾಗಿತ್ತು. ಅಧ್ಯಕ್ಷರು ನನ್ನ ಹೆಸರು ಕೊಟ್ಟಿದ್ದರು.

ನಾನು ಒಪ್ಪಿಕೊಂಡೆ. ಮೊಣಕಾಲು ನೋವು ಆಗಲೇ ಶುರುವಾಗಿತ್ತು. ಯಜಮಾನರು, “ಯಾಕ ಬೇಕು ಈ ಓಡ್ಯಾಟ? ಕಾರು ಅಂದ ಕೂಡಲೇ ಹೊಂಟು ನಿಂತಿಯಲ್ಲ” ಎಂದರು. ಅದು ಸುಳ್ಳಾಗಿರಲಿಲ್ಲ. ಆ ರಸ್ತೆಯಲ್ಲಿ ಒಮ್ಮೆಯಾದರೂ ಕಾರಿನಲ್ಲಿ ಕೂತು ಹೋಗಬೇಕೆಂಬ ಆಸೆಯೂ ಇತ್ತು.

ಕಂಪನಿಯಿಂದ ಬಂದವರು ಇಬ್ಬರು. ಒಬ್ಬ ಬೆಂಗಳೂರಿನ ಮ್ಯಾನೇಜರ್. ಚುರುಕಿನ ಮನುಷ್ಯ, ಕೈಯಲ್ಲಿ ಸದಾ ಎರಡು ಫೋನು. ಇನ್ನೊಬ್ಬರು ಸಾಲ ಕೊಡುವ ದೇಶದ ಎಂಜಿನಿಯರ್. ಹೆಚ್ಚುಕಡಿಮೆ ನನ್ನ ವಯಸ್ಸು, ತೆಳ್ಳಗೆ ಉದ್ದಕ್ಕೆ ಇದ್ದರು, ಬಿಸಿಲಿಗೆ ಕುತ್ತಿಗೆ ಕೆಂಪಾಗಿತ್ತು. ಹೊಟ್ಟೆ ಸರಿಯಿರಲಿಲ್ಲವೆಂದು ಎಲ್ಲಿ ಹೋದರೂ ಮೊಸರನ್ನ ಕೇಳುತ್ತಿದ್ದರು. ಮಾತು ಕಡಿಮೆ. ಕಾರಿನ ಕಿಟಕಿಯಿಂದ ಎರೆ ಹೊಲಗಳನ್ನು ನೋಡುತ್ತ ಕೂತುಬಿಡುತ್ತಿದ್ದರು.

ಕಿತ್ತೂರಿನಲ್ಲಿ, ಬೈಲಹೊಂಗಲದಲ್ಲಿ, ಸವದತ್ತಿಯಲ್ಲಿ ಸಭೆಗಳು ಸುಲಭವಾಗಿ ಮುಗಿದವು. ಹಾರ ಹಾಕಿದರು, ಶಾಲು ಹೊದಿಸಿದರು, ಸಹಿ ಮಾಡಿದರು. ಬೈಲಹೊಂಗಲದ ಸಭೆಗೆ ನೇಸರಗಿಯಿಂದಲೂ ಹತ್ತಾರು ಜನ ಬಂದು, ಹಳಿಯನ್ನು ಸ್ವಲ್ಪ ತಮ್ಮ ಕಡೆ ಹೊರಳಿಸಬೇಕೆಂದು ಕೇಳಿದರು. ಎಂಜಿನಿಯರ್ ತಾಳ್ಮೆಯಿಂದ, ಆಗುವುದಿಲ್ಲವೆಂದರು. ಆಗುವುದಿಲ್ಲವೆಂದೇ ನಾನು ಕನ್ನಡದಲ್ಲಿ ಹೇಳಿದೆ. ಅವರು ಬೇಸರ ಮಾಡಿಕೊಂಡು, ಚಹಾ ಕುಡಿದು ಹೋದರು. ಅಷ್ಟೇ ಸರಳವಾಗಿತ್ತು ನನ್ನ ಕೆಲಸ.

ಸವದತ್ತಿಯ ಸಭೆ ಮುಗಿಸಿ ರಾಮದುರ್ಗದ ಕಡೆ ಹೊರಟಾಗ ನಾನು ಮೊದಲ ಸಲ ನಕಾಶೆಯನ್ನು ಸರಿಯಾಗಿ ನೋಡಿದೆ. ಎಂಜಿನಿಯರ್ ಅದನ್ನು ಮೊಣಕಾಲ ಮೇಲೆ ಹಾಸಿಕೊಂಡಿದ್ದರು. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ. ನಾಲ್ಕೇ ಸ್ಟೇಶನ್. ಸವದತ್ತಿ ಮತ್ತು ರಾಮದುರ್ಗದ ನಡುವೆ ಒಂದು ಉದ್ದನೆಯ ಕೆಂಪು ಗೆರೆ, ಅದರ ಮೇಲೆ ಏನೂ ಇರಲಿಲ್ಲ.

“ಕಟಕೋಳ ಎಲ್ಲಿ?” ಎಂದು ಇಂಗ್ಲಿಷಿನಲ್ಲಿ ಕೇಳಿದೆ.

ಅವರು ಗೆರೆಯ ಮೇಲೆ ಬೆರಳಿಟ್ಟರು. “ಇಲ್ಲಿ ಹಾಯುತ್ತದೆ. ನಿಲ್ಲುವುದಿಲ್ಲ.”

“ಸಾಲಹಳ್ಳಿ?”

“ಅಲ್ಲಿಯೂ ಅಷ್ಟೇ.”

ಯಾಕೆ ಎಂದು ಕೇಳಿದೆ. ಅವರು ಬೇಸರಿಸದೆ ಬಿಡಿಸಿ ಹೇಳಿದರು. ರೈಲಿನ ಡಬ್ಬಿಗಳು ಅವರ ದೇಶದಿಂದಲೇ ಬರಬೇಕು, ಸಿಗ್ನಲ್ ಕೂಡ. ಅದು ಸಾಲದ ಕರಾರು. ಆ ಡಬ್ಬಿಗಳ ಬಾಗಿಲು ತಾವಾಗಿ ತೆರೆಯುವಂಥವು. ಪ್ಲಾಟ್‌ಫಾರ್ಮು ಅದಕ್ಕೆ ಸರಿಯಾಗಿ ಇಷ್ಟೇ ಎತ್ತರ, ಇಷ್ಟೇ ಉದ್ದ ಇರಬೇಕು. ನಮ್ಮ ಹಳೆಯ ಪ್ಯಾಸೆಂಜರ್ ರೈಲಿನಂತೆ ಒಂದು ಬೇವಿನ ಗಿಡದ ಕೆಳಗೆ ನಿಲ್ಲಿಸಿ ಜನರನ್ನು ಹತ್ತಿಸಿಕೊಳ್ಳುವುದಕ್ಕೆ ಬರುವುದಿಲ್ಲ. ಹಳ್ಳಿಗೊಂದು ಅಂಥ ಸ್ಟೇಶನ್ ಕಟ್ಟಲು ಸಾಲ ಕೊಡುವವರು ಒಪ್ಪುವುದಿಲ್ಲ. ಮೇಲಾಗಿ, ಪ್ರಯಾಣದ ಸಮಯದಲ್ಲಿ ಎಷ್ಟು ನಿಮಿಷ ಉಳಿಯುತ್ತದೆ ಎಂಬುದರ ಮೇಲೆ ಈ ದಾರಿ ಮಾಡಬೇಕೋ ಬಿಡಬೇಕೋ ಎಂದು ತೀರ್ಮಾನವಾಗುತ್ತದೆ. ನಿಂತಷ್ಟೂ ನಿಮಿಷ ಹೋಗುತ್ತದೆ.

“ಈ ಜನ ನಿಮಿಷ ಉಳಿಸಲಿಕ್ಕೆ ರೈಲು ಕೇಳುತ್ತಿಲ್ಲ. ಕೂತು ಹೋಗಲಿಕ್ಕೆ ಕೇಳುತ್ತಿದ್ದಾರೆ” ಎಂದೆ.

ಅವರು ನನ್ನ ಮುಖ ನೋಡಿದರು. “ಕೂತು ಹೋಗುವುದಕ್ಕೆ ನನ್ನ ಲೆಕ್ಕದ ತಖ್ತೆಯಲ್ಲಿ ಜಾಗವಿಲ್ಲ” ಎಂದರು. ನಕಾಶೆ ಮಡಚುತ್ತ, “ನಿಮ್ಮ ದೇಶಕ್ಕೆ ಸಾಲ ಬೇಕು. ನಮ್ಮ ದೇಶಕ್ಕೆ ಡಬ್ಬಿ ಮಾರಬೇಕು. ನಡುವೆ ನಾನು ಊರೂರು ತಿರುಗುತ್ತೇನೆ” ಎಂದರು. ಅದರಲ್ಲಿ ವ್ಯಂಗ್ಯವಿರಲಿಲ್ಲ. ತಮ್ಮ ಕೆಲಸ ಏನೆಂದು ಕೇಳಿದ್ದಕ್ಕೆ ಹೇಳಿದ ಹಾಗಿತ್ತು.

ಕಟಕೋಳದ ಸಭೆ ನಾನು ಕಲಿಸಿದ ಶಾಲೆಯಲ್ಲೇ ಇತ್ತು. ಮಧ್ಯಾಹ್ನ ಎರಡರ ಬಿಸಿಲು. ತಗಡಿನ ಪತ್ರಾಸಿನ ಕೆಳಗೆ ಜನ ಟವೆಲ್ಲಿನಿಂದ ಗಾಳಿ ಬೀಸಿಕೊಳ್ಳುತ್ತ ಕೂತಿದ್ದರು. ಅಧ್ಯಕ್ಷರು ರಾಮದುರ್ಗದಿಂದ ಬಂದು ಮುಂದಿನ ಕುರ್ಚಿಯಲ್ಲಿದ್ದರು. ಹೆಂಗಸರ ಸಾಲಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕೂತಿದ್ದಳು. ನಾನು ಕಟಕೋಳ ಬಿಡುವ ವರ್ಷ ಹತ್ತನೆಯ ತರಗತಿಯಲ್ಲಿದ್ದವಳು. ಇಂಗ್ಲಿಷಿನಲ್ಲಿ ಇಡೀ ಶಾಲೆಗೆ ಮೊದಲಿಗಳು. ರಾಮದುರ್ಗಕ್ಕೆ ಕಾಲೇಜಿಗೆ ಹೋಗಬೇಕೆಂದಿದ್ದಳು. ಸಂಜೆಯ ಬಸ್ಸು ಊರು ಮುಟ್ಟುವುದು ಕತ್ತಲಾದ ಮೇಲೆ ಎಂದು ಅವಳ ಅಪ್ಪ ಬಿಡಿಸಿಬಿಟ್ಟ. ಅವನೊಡನೆ ಮಾತಾಡಲು ನಾನೂ ಹೋಗಿದ್ದೆ. “ನಿಮ್ಮ ಮಗಳಾಗಿದ್ರ ಕಳಸತಿದ್ರೇನ್ರಿ ಅಕ್ಕೋರ?” ಎಂದು ಕೇಳಿದ್ದ. ನಾನು ಎದ್ದು ಬಂದಿದ್ದೆ. ಈಗ ಅವಳಿಗೆ ನಲವತ್ತು ದಾಟಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಖೋಲಿಯಲ್ಲಿ ಖಾನಾವಳಿ ನಡೆಸುತ್ತಿದ್ದಳು.

ಎಂಜಿನಿಯರ್ ನಕಾಶೆ ತೋರಿಸಿ ಮಾತು ಮುಗಿಸಿದ ಮೇಲೆ ಮೊದಲು ಎದ್ದವಳು ಅವಳೇ.

“ರೈಲು ಹಾಯತೈತಿ ಅಂತ ತಿಳೀತ್ರಿ. ಇಲ್ಲಿ ನಿಂದರತೈತೋ ಇಲ್ಲೋ, ಅದನ್ನ ಹೇಳ್ರಿ.”

ನಾನು ಇಂಗ್ಲಿಷಿನಲ್ಲಿ ಕೇಳಿದೆ. ಅವರು ಮೂರು ಸಣ್ಣ ವಾಕ್ಯಗಳಲ್ಲಿ ಉತ್ತರಿಸಿದರು. ಇಲ್ಲ, ಇಲ್ಲಿ ರೈಲು ನಿಲ್ಲುವುದಿಲ್ಲ. ಸವದತ್ತಿ ರಾಮದುರ್ಗದ ನಡುವೆ ಸ್ಟೇಶನ್ ಇಲ್ಲ. ನಿಮ್ಮ ಬೇಡಿಕೆಯನ್ನು ವರದಿಯಲ್ಲಿ ಬರೆಯಲಾಗುವುದು.

ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿದ್ದ ಮ್ಯಾನೇಜರ್ ತಲೆ ಬಗ್ಗಿಸಿ ಮೆಲ್ಲಗೆ, “ಸ್ವಲ್ಪ ನೋಡ್ಕೊಂಡು ಹೇಳಿ ಮೇಡಂ. ಈ ಊರಿನ ಸಹಿ ಸಿಗದಿದ್ರೆ ಇಡೀ ಫೈಲ್ ನಿಂತುಬಿಡುತ್ತೆ” ಎಂದರು. ಎದುರಿಗೆ ಅಧ್ಯಕ್ಷರು ಫೈಲನ್ನು ಎದೆಗೊತ್ತಿಕೊಂಡು ನನ್ನನ್ನೇ ನೋಡುತ್ತಿದ್ದರು. ನಾನು ಹೇಳಿದೆ:

“ಇಲ್ಲೆ ನಿಲ್ಲಬೇಕು ಅನ್ನೋ ನಿಮ್ಮ ಮಾತು ಬರಕೋತಾರ. ಈ ನಕಾಶಾದೊಳಗ ಇನ್ನೂ ಸ್ಟೇಶನ್ ಹಾಕಿಲ್ಲ. ಮುಂದ ನೋಡತಾರ.”

ಇನ್ನೂ. ಆ ಒಂದು ಪದ ಇಂಗ್ಲಿಷಿನಲ್ಲಿ ಇರಲಿಲ್ಲ, ನಾನು ಸೇರಿಸಿದ್ದು. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ಹೊಡೆದರು, ಉಳಿದವರು ಸೇರಿಕೊಂಡರು. ಅವಳು ಮಾತ್ರ ಒಂದು ಗಳಿಗೆ ನಿಂತೇ ಇದ್ದು, ನನ್ನನ್ನೂ ಎಂಜಿನಿಯರನ್ನೂ ನೋಡಿ, ಆಮೇಲೆ ಕೂತಳು. ಒಪ್ಪಿಗೆಯ ಹಾಳೆಯಲ್ಲಿ ಎಲ್ಲರೂ ಸಹಿ ಮಾಡಿದರು, ಕೆಲವರು ಹೆಬ್ಬೆಟ್ಟು ಒತ್ತಿದರು. ಮ್ಯಾನೇಜರ್ ಫೋಟೋ ತೆಗೆಸಿದರು. ಅದರ ಮರುದಿನ ಸಾಲಹಳ್ಳಿಯಲ್ಲೂ ನಾನು ಅದೇ ಮಾತು ಹೇಳಿದೆ. ಎರಡನೆಯ ಸಲ ಹೇಳುವಾಗ ನಾಲಿಗೆ ತಡವರಿಸಲೂ ಇಲ್ಲ.

ಸುಳ್ಳು ಹೇಳಿದೆನೆಂದು ಆಗ ಅನ್ನಿಸಲಿಲ್ಲ. ಮೊದಲು ಹಳಿ ಬೀಳಲಿ, ಒಮ್ಮೆ ಬಿದ್ದ ಮೇಲೆ ಜನ ಜಗಳಾಡಿಯಾದರೂ ನಿಲ್ಲಿಸಿಕೊಳ್ಳುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಅಷ್ಟು ವರ್ಷ ಬರೆದ ಅರ್ಜಿಗಳು ಒಂದು ಪದಕ್ಕಾಗಿ ಕೆಟ್ಟುಹೋಗಬಾರದು ಎಂದೂ ಇತ್ತು.

ಮಳೆಗಾಲ ಕಳೆದ ಮೇಲೆ ಹಳಿಯ ಗುರುತಿಗೆಂದು ಹೊಲಗಳಲ್ಲಿ ಕೆಂಪು ಬಣ್ಣ ಬಳಿದ ಗೂಟಗಳನ್ನು ನೆಟ್ಟರು. ಅದಾಗಿ ನಾಲ್ಕು ತಿಂಗಳಿಗೆ ಕಟಕೋಳದಿಂದ ಆ ವಿದ್ಯಾರ್ಥಿನಿಯ ಫೋನು ಬಂತು.

“ಅಕ್ಕೋರ, ಹೊಸಾ ಖಾನಾವಳಿ ಚಾಲೂ ಮಾಡಾಕತ್ತೇನಿ. ಸೋಮವಾರ ಪೂಜಾ ಐತಿ. ನೀವು ಬರಲಿಕ್ಕ ಬೇಕು.”

“ಹಳೇದು ಚೊಲೋ ನಡದಿತ್ತಲ್ಲ?”

“ಆ ಖೋಲಿ ಬಿಟ್ಟೇನ್ರಿ. ಬರ್ರಿ, ನೋಡ್ರಿ ನೀವ.”

ಸೋಮವಾರ ಬಸ್ಸಿಳಿದು ಕೇಳಿಕೊಂಡು ಹೋದೆ. ಊರ ಹೊರಗೆ, ರಸ್ತೆಯಿಂದ ಒಳಕ್ಕೆ ಒಂದಷ್ಟು ದೂರ, ಅವಳ ತಮ್ಮನ ಹೊಲದಲ್ಲಿ ಸಿಮೆಂಟ್ ಬ್ಲಾಕಿನ ಗೋಡೆ, ಮೇಲೆ ಪತ್ರಾಸು. ಎದುರಿಗೇ ಕೆಂಪು ಗೂಟ. ಬಾಗಿಲ ಮೇಲೆ ಹೊಸ ಬೋರ್ಡು ಹಚ್ಚಿದ್ದರು: ‘ಸ್ಟೇಶನ್ ಖಾನಾವಳಿ’. ಸುತ್ತ ಎಲ್ಲಿ ನೋಡಿದರೂ ಕಡಲೆ ಬೆಳೆ. ಒಂದು ಎಮ್ಮೆ ಆ ಗೂಟಕ್ಕೇ ಮೈ ತಿಕ್ಕಿಕೊಳ್ಳುತ್ತಿತ್ತು.

ಹತ್ತಿಪ್ಪತ್ತು ಜನ ಬಂದಿದ್ದರು. ಪೂಜೆಯಾಯಿತು, ಕಾಯಿ ಒಡೆದರು. ಅವಳ ಗಂಡ ಲಾರಿ ಓಡಿಸುವವನು, ಆ ದಿನಕ್ಕೆಂದೇ ಬಂದಿದ್ದ. ಅವನೇ ನನಗೆ ಉಳಿದದ್ದನ್ನು ಹೇಳಿದ. ಯರಗಟ್ಟಿಯಲ್ಲಿ ರಸ್ತೆಗಳು ಕೂಡುವ ಕೂಟಿನಲ್ಲಿ ಒಂದು ಲಾಡ್ಜಿನವರು ಅಡಿಗೆಯ ಉಸ್ತುವಾರಿಗೆ ಇವಳನ್ನು ಕರೆದಿದ್ದರಂತೆ, ಇರಲಿಕ್ಕೆ ಮನೆಯೂ ಕೊಡುತ್ತಿದ್ದರಂತೆ. ಇವಳು ಬೇಡವೆಂದಳಂತೆ. “ಟೇಶನ್ ಆಗೂ ಊರು ಬಿಟ್ಟು ಹೋಗಬಾರ್ದು ಅಂತಾಳ್ರಿ. ನಿಮ್ಮ ಬಾಯಿಂದ ಕೇಳ್ಯಾಳಂತ” ಎಂದ. ನಗುತ್ತಲೇ ಹೇಳಿದ, ಅವನಿಗೂ ಖುಷಿಯಿತ್ತು.

ನನಗೆ ಅಲ್ಲಿ ಕೂರಲಾಗಲಿಲ್ಲ. ಎದ್ದು ಒಳಗೆ ಹೋದೆ. ಅವಳು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಬೇರೆ ಯಾರೂ ಇರಲಿಲ್ಲ.

“ಕೆಲಸಾ ಬಿಟ್ಟು ಒಂಚೂರು ಕೇಳು” ಎಂದೆ. “ಇಲ್ಲೆ ಸ್ಟೇಶನ್ ಬರೂದಿಲ್ಲ.”

ಅವಳು ಕೈ ನಿಲ್ಲಿಸಲಿಲ್ಲ. “ಯಾರಂದ್ರು?”

“ಆವತ್ತ ಅವರು ಹೇಳಿದ್ದು ಅದನ್ನ. ನಿಲ್ಲೂದಿಲ್ಲ ಅಂದಿದ್ರು. ನಾನು ಸುತ್ತಿ ಬಳಸಿ ಬ್ಯಾರೆ ಹೇಳಿದೆ.”

ಬಡಿಯುತ್ತಿದ್ದ ರೊಟ್ಟಿಯನ್ನು ಎತ್ತಿ ಹಂಚಿಗೆ ಹಾಕಿ, ಮೇಲೆ ನೀರು ಸವರಿದಳು. ಅದನ್ನು ಮಗುಚಿ, ಸುಟ್ಟು, ಬುಟ್ಟಿಗೆ ಹಾಕಿದಳು. ಆಮೇಲೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

“ಅವರು ಹೇಳಿದ್ದು ನನಗ ಕೇಳಿಸಿತ್ರಿ ಅಕ್ಕೋರ. ‘ನೋ’ ಅಂದ್ರು, ‘ವಿಲ್ ನಾಟ್ ಸ್ಟಾಪ್’ ಅಂದ್ರು. ನೀವ ಕಲಿಸಿದ ಇಂಗ್ಲಿಷ್ ಅದು. ತಿಳೀದ ಇರತೈತೇನು? ಆಮ್ಯಾಲ ನೀವು ಬ್ಯಾರೆ ಹೇಳಿದ್ರಿ. ನಾನ ತಪ್ಪು ಕೇಳಿರಬೇಕು ಅನಕೊಂಡೆ. ಇಪ್ಪತ್ತೈದು ವರ್ಷ ಆತು ಸಾಲಿ ಬಿಟ್ಟು, ಮರತಿರಬೇಕು ಅನಕೊಂಡೆ.”

ಅವಳು ಮತ್ತೊಂದು ಹಿಟ್ಟಿನ ಉಂಡೆ ತೆಗೆದುಕೊಂಡಳು.

“ಮಂದಿ ಕುಂತಾರ. ಹೊರಗ ಹೋಗ್ರಿ ನೀವು. ಉಂಡು ಹೋಗ್ರಿ.”

ಉಂಡೆ. ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಅವಳೇ ಬಂದು ಬಡಿಸಿದಳು, ಎರಡನೆಯ ಸಲ ಬೇಕೇನ್ರಿ ಎಂದೂ ಕೇಳಿದಳು. ಗಂಡನಿಗೆ ಅವಳು ಆಗ ಏನೂ ಹೇಳಲಿಲ್ಲ. ನಾನು ಬಸ್ಸಿಗೆ ಬಂದಾಗ ಸೀಟು ಖಾಲಿ ಇತ್ತು. ಕೂತೆ. ಯರಗಟ್ಟಿ ಬರುವವರೆಗೆ ಕಣ್ಣು ಮುಚ್ಚಿಕೊಂಡಿದ್ದೆ, ನಿದ್ದೆ ಬರಲಿಲ್ಲ.

ಮನೆಗೆ ಬಂದು ಯಜಮಾನರಿಗೆ ಎಲ್ಲ ಹೇಳಿದೆ. ಅವರು ಕೇಳಿಸಿಕೊಂಡು, “ಹಂಗಾರ ಬರದು ಹಾಕು” ಎಂದರು. ನಲವತ್ತು ವರ್ಷ ಅಂಚೆಯಲ್ಲಿದ್ದವರು, ಅವರಿಗೆ ಎಲ್ಲದಕ್ಕೂ ಅದೇ ಪರಿಹಾರ. ಸಾಲ ಕೊಡುವವರ ಕಾಗದಪತ್ರಗಳಲ್ಲಿ ದೂರು ಕಳಿಸಲಿಕ್ಕೆಂದೇ ಒಂದು ವಿಳಾಸವಿತ್ತು. ಸಭೆಗಳಲ್ಲಿ ಅದನ್ನು ಕನ್ನಡದಲ್ಲಿ ಓದಿ ಹೇಳಿದವಳು ನಾನೇ. ಆ ವಿಳಾಸಕ್ಕೆ ಬರೆದೆ. ಕಟಕೋಳ ಮತ್ತು ಸಾಲಹಳ್ಳಿಯ ಸಭೆಗಳಲ್ಲಿ ಜನರಿಗೆ ನಿಜ ಹೇಳಿಲ್ಲ, ಹೇಳದವಳು ನಾನು, ಆದ್ದರಿಂದ ಆ ಸಹಿಗಳನ್ನು ಒಪ್ಪಿಗೆಯೆಂದು ತಿಳಿಯಬಾರದು ಎಂದು. ಮ್ಯಾನೇಜರ್ ಪಿಸುಗುಟ್ಟಿದ್ದನ್ನು ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಬರೆಯಲಿಲ್ಲ. ನಾಲಿಗೆ ನನ್ನದಾಗಿತ್ತು.

ಕಳಿಸುವ ಮೊದಲು ರಾಮದುರ್ಗಕ್ಕೆ ಹೋಗಿ ಅಧ್ಯಕ್ಷರಿಗೆ ತೋರಿಸಿದೆ. ತೋರಿಸದೆ ಕಳಿಸುವುದು ಸರಿಯೆನಿಸಲಿಲ್ಲ. ಅವರು ಅಂಗಡಿಯ ಗಾದಿಯ ಮೇಲೆ ಕೂತಿದ್ದರು. ಇಂಗ್ಲಿಷ್ ಬರುವುದಿಲ್ಲವಾದ್ದರಿಂದ ನಾನೇ ಓದಿ, ಕನ್ನಡದಲ್ಲಿ ಹೇಳಿದೆ. ಈ ಸಲ ಒಂದು ಪದವನ್ನೂ ಬಿಡಲಿಲ್ಲ.

“ನಿಂದರೂದಿಲ್ಲ ಅಂತ ನಿಮಗ ಮೊದಲ ಗೊತ್ತಿತ್ತೇನ್ರಿ?” ಎಂದು ಕೇಳಿದರು.

“ಸವದತ್ತಿಯಿಂದ ಬರೂ ಮುಂದ ಗೊತ್ತಾತ್ರಿ.”

“ನನಗಾದ್ರೂ ಹೇಳಬೇಕಿತ್ತು.” ಆಮೇಲೆ, “ಈಗ ಇದನ್ನ ಕಳಿಸಬ್ಯಾಡ್ರಿ” ಎಂದರು. “ನಾಕು ಊರಿಗೆ ಬರತೈತಿ. ಎರಡು ಊರಿನ ಸಲುವಾಗಿ ನಾಕೂ ಊರಿಂದು ಕೆಡಸಬ್ಯಾಡ್ರಿ. ನನಗ ಎಪ್ಪತ್ತೆಂಟು ವರ್ಷ ಅಕ್ಕೋರ. ಇನ್ನೊಮ್ಮೆ ಇಲ್ಲೀಮಟಾ ಬರಾಕ ಆಗೂದಿಲ್ಲ.”

ಅವರ ಮಾತು ತಪ್ಪೆಂದು ನಾನು ಈಗಲೂ ಹೇಳಲಾರೆ. ಬೈಲಹೊಂಗಲದಲ್ಲೂ ಸವದತ್ತಿಯಲ್ಲೂ ಬಸಿರು ಹೊತ್ತು ನಿಂತುಕೊಂಡು ಹೋಗುವ ಹೆಂಗಸರು ಇದ್ದಾರೆ. ಅವರಿಗೆ ಆ ರೈಲಿನಿಂದ ಉಪಯೋಗವಾಗುತ್ತಿತ್ತು. ಪತ್ರವನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಎದ್ದೆ. ಅವರು ಬಾಗಿಲವರೆಗೆ ಬರಲಿಲ್ಲ. ಆ ವರ್ಷಗಳಲ್ಲೆಲ್ಲ ಒಮ್ಮೆಯೂ ಹಾಗೆ ಮಾಡಿದವರಲ್ಲ.

ಪತ್ರ ಕಳಿಸಿದೆ. ಕಂಪನಿಯಿಂದ, ನಿಮ್ಮ ಸೇವೆ ಇನ್ನು ಬೇಡವೆಂದು ಒಂದು ಸಾಲು ಬಂತು. ಎರಡು ತಿಂಗಳ ಮೇಲೆ, ಎರಡೂ ಊರಿನವರಿಗೆಂದು, ಕಟಕೋಳದಲ್ಲಿ ಸಭೆಯನ್ನು ಮತ್ತೊಮ್ಮೆ ಕರೆದರು. ನನ್ನನ್ನು ಯಾರೂ ಕರೆದಿರಲಿಲ್ಲ, ನಾನೇ ಹೋದೆ. ಹೆಂಗಸರ ಸಾಲಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯ ಪಕ್ಕ ಜಾಗವಿತ್ತು. ಅವಳು ಸರಿದು ಕೂತಳು. ಎಂಜಿನಿಯರ್ ಅವರೇ ಬಂದಿದ್ದರು. ಅನುವಾದಕ್ಕೆ ಒಬ್ಬ ತರುಣನನ್ನು ಬೆಂಗಳೂರಿನಿಂದ ಕರೆತಂದಿದ್ದರು. ಅವನ ಕನ್ನಡ ಶುದ್ಧವಾಗಿತ್ತು, ವಾರ್ತೆ ಓದಿದ ಹಾಗೆ.

“ಪ್ರಸ್ತುತ ವಿನ್ಯಾಸದಲ್ಲಿ ಈ ಸ್ಥಳದಲ್ಲಿ ನಿಲುಗಡೆಗೆ ಅವಕಾಶ ಕಲ್ಪಿಸಲಾಗಿರುವುದಿಲ್ಲ” ಎಂದ.

ಮುಂದೆ ಕೂತಿದ್ದ ಒಬ್ಬ ಮುದುಕರು ಹಿಂದೆ ತಿರುಗಿ, “ಏನಂದಾ?” ಎಂದರು. ಕೆಲವರು ನನ್ನ ಕಡೆ ನೋಡಿದರು. ಅವಳೇ ಎದ್ದು ನಿಂತಳು.

“ನಿಂದರೂದಿಲ್ಲ ಅಂತ ಹೇಳಾಕತ್ತಾನ. ಮುಂದೂ ನಿಂದರೂದಿಲ್ಲ. ಅಷ್ಟ.”

ಗದ್ದಲವಾಗಲಿಲ್ಲ. ಯಾರೂ ಕೂಗಾಡಲಿಲ್ಲ. ಒಬ್ಬೊಬ್ಬರಾಗಿ ಎದ್ದು, ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದರು. ಸಹಿಯ ಹಾಳೆ ಮೇಜಿನ ಮೇಲೆ ಖಾಲಿ ಉಳಿಯಿತು.

ಎಂಜಿನಿಯರ್ ನನ್ನ ಬಳಿ ಬಂದರು. ಸಿಟ್ಟಾಗಿರಬಹುದು ಎಂದುಕೊಂಡೆ. ಅವರು ನನ್ನ ಪಕ್ಕದ ಖಾಲಿ ಜಾಗದಲ್ಲಿ, ಜಮಖಾನದ ಮೇಲೆ, ಕಷ್ಟಪಟ್ಟು ಕಾಲು ಮಡಚಿ ಕೂತರು.

“ನಾನು ಹಲವು ದೇಶಗಳಲ್ಲಿ ಇಂಥ ಸಭೆ ಮಾಡಿದ್ದೇನೆ” ಎಂದರು. “ಎಲ್ಲ ಕಡೆ ಕೊನೆಗೆ ಚಪ್ಪಾಳೆ ತಟ್ಟಿದ್ದಾರೆ. ನಾನು ಹೇಳಿದ್ದು ಅವರಿಗೆ ಎಷ್ಟು ಮುಟ್ಟಿತ್ತು ಎಂದು ಈಗ ಅನುಮಾನವಾಗುತ್ತಿದೆ.”

“ಈಗ ಅವರನ್ನೆಲ್ಲ ಕೇಳಲಿಕ್ಕೆ ಹೋಗಬೇಡಿ” ಎಂದೆ. ಅವರು ನಕ್ಕರು. ಆಮೇಲೆ ಅವರನ್ನು ನಾನು ನೋಡಿಲ್ಲ.

ಒಂದು ವರ್ಷದ ಹೊತ್ತಿಗೆ, ಆ ಸಾಲ ಬೇರೆ ಯಾವುದೋ ರಾಜ್ಯದ ಬೇರೆ ಯಾವುದೋ ಕೆಲಸಕ್ಕೆ ಹೋಯಿತು ಎಂದು ಕೇಳಿದೆವು. ಯಾಕೆಂದು ಯಾರೂ ಹೇಳಲಿಲ್ಲ. ಸಾಲ ಕೊಡುವ ದೇಶದಲ್ಲಿ ಸರ್ಕಾರ ಬದಲಾಯಿತು ಎಂದು ಕೆಲವರು, ಈ ದಾರಿಯಲ್ಲಿ ಅಷ್ಟು ಜನ ಓಡಾಡುವುದಿಲ್ಲ ಎಂದು ಲೆಕ್ಕ ಬಂತೆಂದು ಕೆಲವರು. ಬೈಲಹೊಂಗಲದಲ್ಲಿ ಒಂದಿಬ್ಬರು ನನ್ನಿಂದಲೇ ಎಂದರು. ಪೇಟೆಯಲ್ಲಿ ಒಮ್ಮೆ ಒಬ್ಬರು ನನ್ನನ್ನು ನೋಡಿಯೂ ನೋಡದಂತೆ ರಸ್ತೆಯ ಆಚೆ ಬದಿಗೆ ಹೋದರು. ನಾನು ಕಾಯಿಪಲ್ಯ ತೆಗೆದುಕೊಂಡು ಮನೆಗೆ ಬಂದೆ.

ಕಟಕೋಳದವಳು ತಮ್ಮನ ಹೊಲದ ಖಾನಾವಳಿಯನ್ನು ಎಂಟು ತಿಂಗಳು ನಡೆಸಿದಳು. ರಸ್ತೆಯಿಂದ ಅಷ್ಟು ಒಳಗೆ ಯಾರು ಬರುತ್ತಾರೆ. ಬಸ್‌ಸ್ಟ್ಯಾಂಡಿನ ಖೋಲಿಯಲ್ಲಿ ಅಷ್ಟರಲ್ಲಿ ಮೊಬೈಲ್ ಅಂಗಡಿ ಬಂದಿತ್ತು. ಯರಗಟ್ಟಿಯ ಲಾಡ್ಜಿನವರಿಗೆ ಬೇರೆಯವರು ಸಿಕ್ಕಿದ್ದರು. ಪತ್ರಾಸು ಬಿಚ್ಚಿಸಿ, ರಸ್ತೆಯ ಪಕ್ಕಕ್ಕೇ ಒಂದು ಸಣ್ಣ ಶೆಡ್ ಹಾಕಿಕೊಂಡು ಈಗ ರೊಟ್ಟಿ ಮಾಡಿ ಮಾರುತ್ತಾಳೆ. ಕಡಕ್ ರೊಟ್ಟಿ ಬೆಳಗಾವಿಯವರೆಗೂ ಹೋಗುತ್ತದೆ. ನಾನು ವರ್ಷಕ್ಕೆ ಎರಡು ಸಲವಾದರೂ ಹೋಗುತ್ತೇನೆ. ನನ್ನನ್ನು ಕ್ಷಮಿಸಿದ್ದಾಳೋ ಇಲ್ಲವೋ ಕೇಳಿಲ್ಲ. ಅವಳ ಮಗಳು ಧಾರವಾಡದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾಳೆ. ಒಮ್ಮೆ, “ಅಕಿಗೆ ಹೇಳೇನ್ರಿ. ಯಾರರ ಏನರ ಹೇಳಿದ್ರ, ಮೊದಲ ನಿನ್ನ ಕಿವಿ ಏನ್ ಕೇಳೇತಿ ಅದನ್ನ ನಂಬು ಅಂತ” ಎಂದಳು. ನನ್ನನ್ನು ಚುಚ್ಚಲಿಕ್ಕೆ ಹೇಳಿದ್ದಲ್ಲ, ಅದು ಗೊತ್ತು. ಆದರೂ ಅದನ್ನು ಕೇಳಿದ ಮೇಲೆ ಮನೆಗೆ ಬರುವ ದಾರಿ ಬಹಳ ಉದ್ದವೆನಿಸಿತು.

ಕಳೆದ ಚಳಿಗಾಲದಲ್ಲಿ ರಾಮದುರ್ಗದಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟವಾದ ಮೇಲೆ ಕಾಲು ತಾನಾಗಿಯೇ ಬಟ್ಟೆ ಅಂಗಡಿಯ ಕಡೆ ನಡೆಯಿತು. ಅಧ್ಯಕ್ಷರು ಗಾದಿಯ ಮೇಲೆಯೇ ಇದ್ದರು, ಬಹಳ ಇಳಿದಿದ್ದರು. ವ್ಯಾಪಾರವನ್ನು ಸೊಸೆ ನೋಡಿಕೊಳ್ಳುತ್ತಿದ್ದಳು. ನನ್ನನ್ನು ನೋಡಿ ಕೆಲಹೊತ್ತು ಗುರುತು ಸಿಗದವರಂತೆ ಇದ್ದು, ಆಮೇಲೆ, “ಬರ್ರಿ, ಕುಂಡ್ರಿ” ಎಂದರು. ಮೂರು ವರ್ಷದ ಮೇಲೆ ಆಡಿದ ಮಾತು ಅದು.

ಮಳೆಯ ವಿಚಾರ, ಮೊಣಕಾಲಿನ ವಿಚಾರ, ಯಾರು ಇದ್ದಾರೆ ಯಾರು ಹೋದರು ಎಂಬ ವಿಚಾರ ಮಾತಾಡಿದೆವು. ಸೊಸೆ ಒಳಗೆ ಹೋದಾಗ ಅವರು ಮುಂದಕ್ಕೆ ಬಗ್ಗಿ ಕೇಳಿದರು.

“ಖರೇ ಹೇಳ್ರಿ ಅಕ್ಕೋರ. ನೀವು ಆ ಪತ್ರಾ ಬರೀದಿದ್ರ ರೈಲು ಬರತಿತ್ತೇನು?”

ಇಷ್ಟು ದಿನ ಅವರು ಅದನ್ನೇ ಯೋಚಿಸುತ್ತ ಕೂತಿದ್ದರೆಂದು ಆ ದನಿಯಿಂದಲೇ ತಿಳಿಯಿತು. ನಾನೂ ಅದನ್ನೇ ಯೋಚಿಸುತ್ತ ಬಂದಿದ್ದೆ.

“ಗೊತ್ತಿಲ್ರಿ” ಎಂದೆ.

ಅವರು ನಿಧಾನಕ್ಕೆ ತಲೆಯಾಡಿಸಿದರು. “ನನಗೂ ತಿಳೀವಲ್ದು” ಎಂದರು. ಸೊಸೆ ಎರಡು ಕಪ್ ಚಹಾ ತಂದಿಟ್ಟಳು. ಸಕ್ಕರೆ ಹೆಚ್ಚಾಗಿತ್ತು. ಇಬ್ಬರೂ ಪೂರ್ತಿ ಕುಡಿದೆವು.